ಅವ್ವ ಬಾಯಿ ತೆಗೆಯದ ಮಳೆಗಾಲ

ಕಳೆದ ಆಷಾಢದಲ್ಲಿ ಮಕ್ಕಳ ಹಲ್ಲಿನ ತಪಾಸಣೆಗೆಂದು ಖಾನಾಪುರ ತಾಲೂಕಿನ ಒಂದು ಸಣ್ಣ ಊರಿಗೆ ಹೋಗಿದ್ದೆ. ನಾನೀಗ ಬೆಳಗಾವಿಯಲ್ಲಿ ಹಲ್ಲಿನ ಡಾಕ್ಟರು. ಇಂಥ ಶಿಬಿರಗಳು ನನಗೆ ಹೊಸವಲ್ಲ. ಶಾಲೆಯ ಜಗಲಿಯಲ್ಲಿ ಬೆಂಚು ಹಾಕಿಸಿ, ಮಕ್ಕಳನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ನೋಡುತ್ತಿದ್ದೆ. ಹೊರಗೆ ಜಿಟಿಜಿಟಿ ಮಳೆ. ಅಷ್ಟರಲ್ಲಿ ಬಾಜು ಮನೆಯ ಹಿತ್ತಲಿನಿಂದ ಒಂದು ಘಾಟು ಬಂತು. ಹಂಚಿನ ಮೇಲೆ ತಂಬಾಕಿನ ಎಲೆ ಹುರಿಯುವ ಘಾಟು. ಮಕ್ಕಳು ಕೆಮ್ಮಿದರು, ಕೆಮ್ಮುತ್ತಲೇ ನಕ್ಕರು. ನಾನು ಮಾತ್ರ ಎದ್ದು ಹೋಗಿ ಜಗಲಿಯ ಕಂಬಕ್ಕೆ ಒರಗಿ ನಿಂತೆ. ಜೊತೆಗೆ ಬಂದಿದ್ದ ನರ್ಸು, "ಯಾಕ್ರಿ ಮೇಡಂ, ಚಕ್ಕರ್ ಬಂತೇನ್ರಿ?" ಎಂದು ಕೇಳಿದಳು. ಏನೂ ಇಲ್ಲ ಎಂದೆ. ಆದರೆ ನನ್ನೊಳಗೆ ಒಂದಿಡೀ ಮಳೆಗಾಲ ಎದ್ದು ಕೂತಿತ್ತು. ನಾನು ದಂತ ವೈದ್ಯಕೀಯಕ್ಕೆ ಅರ್ಜಿ ಹಾಕಿದ ವರ್ಷದ ಮಳೆಗಾಲ.

ಹಾಗೆ ಹುರಿದು ಕಪ್ಪಾದ ಎಲೆಯನ್ನು ಪುಡಿ ಮಾಡಿದರೆ ಅದೇ ಮಶೇರಿ. ನಮ್ಮ ಕಡೆ ಹೆಂಗಸರು ಬೆಳಗಾದರೆ ಅದರಲ್ಲಿ ಬೆರಳದ್ದಿ ಹಲ್ಲಿಗೆ ತಿಕ್ಕುತ್ತಾರೆ. ಬೆಳಗಿಗೆ ಶುರುವಾದದ್ದು ಆಮೇಲೆ ಊಟವಾದ ಮೇಲೊಮ್ಮೆ, ಬೇಸರವಾದಾಗೊಮ್ಮೆ ಎಂದು ಬೆಳೆಯುತ್ತದೆ. ನನ್ನವ್ವ ಶಾಂತವ್ವನಿಗೂ ಅದೇ ಚಟ. ಖಾನಾಪುರ ತಾಲೂಕಿನ ಬೀಡಿ ಎಂಬ ನಮ್ಮೂರಿನಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ಅಪ್ಪ ಯಂತ್ರ ನೋಡಿಕೊಂಡರೆ ಅವ್ವ ಜನರನ್ನು ನೋಡಿಕೊಳ್ಳುತ್ತಿದ್ದಳು. ಯಾರ ಜೋಳ ಮೊದಲು, ಯಾರ ಗೋದಿ ಆಮೇಲೆ ಎಂಬುದು ಅವಳ ಮಾತಿನ ಮೇಲೆ ನಡೆಯುತ್ತಿತ್ತು. ಗಿರಣಿಯ ಸದ್ದನ್ನೂ ಮೀರಿಸುವ ಗಂಟಲು. ಕನ್ನಡದವರೊಂದಿಗೆ ಕನ್ನಡ, ಮರಾಠಿಯವರೊಂದಿಗೆ ಮರಾಠಿ, ಜಗಳವಾದರೆ ಎರಡೂ. ಅವಳು ಯಾವುದಕ್ಕಾದರೂ ಹೆದರಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಹೆದರುವ ಕೆಲಸವೆಲ್ಲ ನನ್ನದೇ ಆಗಿತ್ತು. ಮೊದಲ ಸಲ ನೀಟ್ ಬರೆದಾಗ ನನಗೆ ಹೇಳಿಕೊಳ್ಳುವಂಥ ಅಂಕ ಬಂದಿರಲಿಲ್ಲ. ಬೆಳಗಾವಿಯ ರಾಮತೀರ್ಥ ನಗರದಲ್ಲಿದ್ದ ಕಾಕಾನ ಮನೆಯಲ್ಲಿ ಉಳಿದುಕೊಂಡು, ಒಂದು ವರ್ಷ ಕೋಚಿಂಗಿಗೆ ಹೋಗಿ ಎರಡನೆಯ ಸಲ ಬರೆದೆ. ಕಾಕಾ ಅಂದರೆ ಅಪ್ಪನ ತಮ್ಮ. ಇಂಥ ಸರಕಾರಿ ವ್ಯವಹಾರಗಳೆಲ್ಲ ಗೊತ್ತಿದ್ದವನು. ಫಲಿತಾಂಶ ಬಂದ ದಿನ ಅವನು ನನ್ನ ರ‍್ಯಾಂಕು ಹಿಂದಿನ ವರ್ಷದ ಪಟ್ಟಿಯೊಂದಿಗೆ ತಾಳೆ ಹಾಕಿ ನೋಡಿದ.

"ಎಂಬಿಬಿಎಸ್ ಆಗೂದಿಲ್ಲ, ಸುಮಿ," ಎಂದ. "ಡೆಂಟಲ್ ಆಗಬಹುದು. ಆದ್ರ ಒಂದ ಮಾತು. ಒಂದನೇತ್ತದಿಂದ ಹತ್ತನೇತ್ತದ ತನಕಾ ಹಳ್ಳ್ಯಾಗ ಕಲತೀನಿ ಅನ್ನೂ ಪ್ರಮಾಣಪತ್ರ ಬೇಕು. ಗ್ರಾಮೀಣ ಮೀಸಲಾತಿ ಸಿಕ್ಕರ ಸೀಟು. ಒಂದ ವರ್ಷದ್ದು ಕಡಿಮಿ ಬಿದ್ರೂ ಇಲ್ಲ."

ಮೂರನೆಯ ತರಗತಿಯಿಂದ ಮುಂದಿನದ್ದೆಲ್ಲ ಬೀಡಿಯಲ್ಲೇ ಇತ್ತು. ತೊಂದರೆ ಇದ್ದದ್ದು ಮೊದಲೆರಡು ವರ್ಷಗಳದ್ದು. ಅಪ್ಪ-ಅವ್ವ ಆಗಷ್ಟೇ ಗಿರಣಿ ಹಾಕುತ್ತಿದ್ದರೆಂದು ನನ್ನನ್ನು ಅವ್ವನ ತವರಿನಲ್ಲಿ, ಜಾಂಬೋಟಿಯ ಆಚೆಯ ಕಾಡಿನೂರಿನಲ್ಲಿ, ಅಜ್ಜಿಯ ಹತ್ತಿರ ಬಿಟ್ಟಿದ್ದರು. ಅಲ್ಲಿಯ ಮರಾಠಿ ಶಾಲೆಯಲ್ಲಿ ನಾನು ಅಕ್ಷರ ಕಲಿತದ್ದು. ಮಕ್ಕಳಿಲ್ಲವೆಂದು ಆ ಶಾಲೆ ಯಾವಾಗಲೋ ಮುಚ್ಚಿತ್ತು. ಅದರ ದಾಖಲೆಗಳು ಹಳ್ಳದಾಚೆಯ ದೊಡ್ಡ ಶಾಲೆಗೆ ಹೋಗಿವೆ ಎಂದಷ್ಟೇ ತಿಳಿಯಿತು. ಕಾಗದಪತ್ರ ಪರಿಶೀಲನೆಯ ದಿನ ಹತ್ತಿರ ಬರುತ್ತಿತ್ತು. ಆ ವರ್ಷ ಮಳೆಯಂತೂ ಕೈ ಕಾಲು ಎತ್ತದಂತೆ ಹೊಡೆಯುತ್ತಿತ್ತು.

"ನಾ ಕರಕೊಂಡ ಹೋಗ್ತೀನಿ," ಎಂದಳು ಅವ್ವ. "ಅದು ನನ್ನೂರು. ಹಳ್ಳ ಎಲ್ಲಿ ತುಂಬತೈತಿ, ಎಲ್ಲಿ ತುಂಬಂಗಿಲ್ಲ, ನನಗ ಗೊತ್ತೈತಿ."

ಖಾನಾಪುರದಲ್ಲಿ ಮಲಪ್ರಭೆ ಸೇತುವೆಯ ಹೊಟ್ಟೆಗೆ ತಾಗುವಷ್ಟು ಏರಿದ್ದಳು. ಜಾಂಬೋಟಿಯ ಬಸ್ಸು ಹತ್ತಿದಾಗಿನಿಂದ ನನಗೆ ಒಂದೇ ಚಿಂತೆ. ದಾಖಲೆ ಇರದಿದ್ದರೆ? ಇದ್ದೂ ಗೆದ್ದಲು ತಿಂದಿದ್ದರೆ? ಬಸ್ಸಿಳಿದು ಕಾಡಿನ ದಾರಿ ನಡೆದೆವು. ಹಳ್ಳದ ಮೇಲಿನ ಕಾಲುಸಂಕದ ಮೇಲೆ ಕೆಂಪು ನೀರು ಹರಿಯುತ್ತಿತ್ತು. ನಾನು ದಡದಲ್ಲೇ ನಿಂತುಬಿಟ್ಟೆ. ಅವ್ವ ಸೀರೆ ಮೊಳಕಾಲಿಗೆ ಕಟ್ಟಿ, ನನ್ನ ಕಾಗದಗಳಿದ್ದ ಪ್ಲಾಸ್ಟಿಕ್ ಚೀಲವನ್ನು ಒಂದು ಕೈಯಿಂದ ತಲೆಯ ಮೇಲೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ನನ್ನ ರಟ್ಟೆ ಹಿಡಿದಳು.

"ನೀರ ನೋಡಬ್ಯಾಡ. ನನ್ನ ಬೆನ್ನ ನೋಡು."

ಅವಳ ಬೆನ್ನನ್ನೇ ನೋಡುತ್ತ ದಾಟಿದೆ. ಆಚೆ ದಡ ಮುಟ್ಟಿದ ಮೇಲೆ ರಟ್ಟೆಯ ಮೇಲೆ ಅವಳ ಬೆರಳುಗಳ ಗುರುತು ಕೆಂಪಗೆ ಮೂಡಿತ್ತು.

ಹೆಡ್‌ಮಾಸ್ತರರು ವಯಸ್ಸಾದವರು. ಅವ್ವನನ್ನು ನೋಡುತ್ತಲೇ ಮರಾಠಿಯಲ್ಲಿ, "ಅಗಂ ಶಾಂತಾ, ಏವ್ಢ್ಯಾ ಪಾವ್ಸಾತ?" ಎಂದರು. ಇಷ್ಟು ಮಳೆಯಲ್ಲಿ ಬಂದೆಯಾ ಎಂದು. ಅವ್ವ ವಿಷಯ ಹೇಳಿದಳು. ಅವರು ಕಪಾಟು ತೆರೆದು, ಹಳೆಯ ಹಾಜರಿ ಪುಸ್ತಕಗಳನ್ನು ಒಂದೊಂದಾಗಿ ಹೊರಗಿಡತೊಡಗಿದರು. ಕೊನೆಗೆ ಒಂದು ಸಾಲಿನ ಮೇಲೆ ಬೆರಳಿಟ್ಟು, "ಹೀ ಬಘ, ತುಝೀ ಪೋರ್ಗೀ," ಎಂದು ನಕ್ಕರು. ಇಗೋ ನೋಡು, ನಿನ್ನ ಮಗಳು ಎಂದು. ನಾನಿದ್ದೆ. ಅಲ್ಲೇ ಕೂತು ಪ್ರಮಾಣಪತ್ರ ಬರೆದು, ಶಾಲೆಯ ಮೊಹರು ಒತ್ತಿ ಕೊಟ್ಟರು.

ಮರಳಿ ಖಾನಾಪುರಕ್ಕೆ ಬಂದಾಗ ಇಬ್ಬರೂ ತೊಯ್ದು ತಪ್ಪಡಿಯಾಗಿದ್ದೆವು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಿರ್ಚಿ ಭಜಿ ಬಿಸಿ ಬಿಸಿ ಏಳುತ್ತಿತ್ತು. ಮಿರ್ಚಿ ಎಂದರೆ ಅವ್ವನಿಗೆ ಜೀವ. ಬೇರೆಯವರು ನೀರು ಕುಡಿಯುತ್ತ ತಿನ್ನುವುದನ್ನು ಅವಳು ಮೇಲಿಂದ ಹಸಿ ಮೆಣಸಿನಕಾಯಿ ಕಡಿದು ತಿನ್ನುವವಳು. ಅವತ್ತು ತಟ್ಟೆಯನ್ನು ನನ್ನ ಕಡೆ ಸರಿಸಿದಳು.

"ನೀ ತಿನ್ನು. ನನಗ ಹಸಿವಿಲ್ಲ."

ಚಹಾವನ್ನು ಕಪ್ಪಿನ ಕೆಳಗಿನ ಬಸಿಗೆ ಸುರಿದುಕೊಂಡು, ಅದು ಪೂರ್ತಿ ಆರುವವರೆಗೂ ಕಾದು, ಬಾಯಿಯ ಒಂದೇ ಬದಿಯಿಂದ ಹೀರಿದಳು. ಇತ್ತೀಚೆಗೆ ಮನೆಯಲ್ಲೂ ಅವಳು ಅನ್ನಕ್ಕೆ ಬರೀ ಮಜ್ಜಿಗೆ ಸುರಿದುಕೊಳ್ಳುತ್ತಿದ್ದುದು ನನಗೆ ಆಗ ನೆನಪಾಯಿತು. ಬೀಡಿಯ ಬಸ್ಸಿನಲ್ಲಿ ಅವಳು ದಣಿದು ನಿದ್ದೆಹೋದಳು. ಬಸ್ಸು ಕುಲುಕಿ ತಲೆ ಹಿಂದಕ್ಕೆ ವಾಲಿದಾಗ ಬಾಯಿ ತೆರೆದುಕೊಂಡಿತು. ಕೆಳತುಟಿಯ ಒಳಗೆ, ವಸಡಿನ ಬುಡದಲ್ಲಿ, ಸುಣ್ಣ ಒಣಗಿದ ಹಾಗೆ ಒಂದು ಬಿಳಿ ಮಚ್ಚೆ. ಅದರ ನಡುವೆ ಕೆಂಪು.

ನಾನಿನ್ನೂ ದಂತ ವೈದ್ಯಕೀಯದ ಒಂದಕ್ಷರವನ್ನೂ ಓದಿರಲಿಲ್ಲ. ಆದರೆ ಅದು ಏನಿರಬಹುದೆಂದು ತಿಳಿಯಲು ನನಗೆ ಓದು ಬೇಕಿರಲಿಲ್ಲ. ಅಜ್ಜಿಯ ಹತ್ತಿರ ಇದ್ದ ಎರಡನೆಯ ವರ್ಷ ಅಜ್ಜಿ ಸದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿರುತ್ತಿದ್ದಳು. ಹತ್ತಿರ ಕೂತರೆ ಒಂದು ಕೆಟ್ಟ ವಾಸನೆ. ಕೊನೆಗೆ ಯಾವುದೋ ದೊಡ್ಡ ಆಸ್ಪತ್ರೆಗೆ ಒಯ್ದರು. ಗಲ್ಲದ ಅರ್ಧ ತೆಗೆದರಂತೆ. ಅಜ್ಜಿ ಊರಿಗೆ ಬಂದದ್ದು ಬಿಳಿ ಬಟ್ಟೆಯಲ್ಲಿ. ಅಜ್ಜಿಯೂ ಮಶೇರಿ ತಿಕ್ಕುತ್ತಿದ್ದಳು. ಅವ್ವನಿಗೆ ಅದನ್ನು ಕಲಿಸಿದವಳೂ ಅವಳೇ.

ಮನೆ ಮುಟ್ಟಿದ ಕೂಡಲೇ ಕೇಳಿದೆ, "ಅವ್ವಾ, ಬಾಯಿ ತೆಗಿ. ನೋಡ್ತೀನಿ."

"ನೀ ಇನ್ನೂ ಡಾಕ್ಟರ್ ಆಗಿಲ್ಲ."

"ಒಳಗ ಬೆಳ್ಳಗ ಆಗೇತಿ. ನಾ ನೋಡೀನಿ. ಖಾರ ಹತ್ತೂದಿಲ್ಲ ನಿನಗ. ನಾಳೆನ ದವಾಖಾನಿಗೆ ಹೋಗೂಣು."

ಅವ್ವ ಬೆನ್ನು ತಿರುಗಿಸಿದಳು. ತೊಯ್ದ ಸೀರೆ ಹಿಂಡುತ್ತ ನಿಂತಳು. ಅಪ್ಪ ಒಳಗಿನಿಂದ, "ನಾನೂ ಹೇಳೀನಿ. ದವಾಖಾನಿ ಅಂದ್ರ ಜಗಳಕ್ಕ ಬರ್ತಾಳ," ಎಂದರು. ಅಪ್ಪ ಮಾತು ಕಡಿಮೆಯವರು. ಅವರಿಗೂ ಗೊತ್ತಿತ್ತು ಎಂಬುದೇ ನನ್ನನ್ನು ಇನ್ನಷ್ಟು ಹೆದರಿಸಿತು.

ನಾನು ಅತ್ತೆ, ಊಟ ಬಿಟ್ಟೆ, ಮಾತು ಬಿಟ್ಟೆ. ಮೂರನೆಯದ್ದು ಅವಳಿಗೆ ತಡೆಯಲಾಗಲಿಲ್ಲ. ದೇವರ ಗೂಡಿನ ಮುಂದೆ ನಿಂತು, ಹಣೆಗೆ ವಿಭೂತಿ ಹಚ್ಚಿಕೊಂಡು ಹೇಳಿದಳು, "ನಿನಗ ಸೀಟ ಸಿಗಲಿ. ಕಾಲೇಜಿನಾಗ ಹೆಸರ ಹಚ್ಚಿದ ದಿನ ತೋರಸ್ತೀನಿ. ಬಸವಣ್ಣನ ಆಣಿ. ಅಲ್ಲೀ ತನಕಾ ಈ ಮಾತ ತೆಗಿಬ್ಯಾಡ."

ಅವಳು ಆಣೆ ಮಾಡಿದರೆ ಮುಗಿಯಿತು. ಅತ್ತ ಇತ್ತ ಅಲುಗುವ ಹೆಂಗಸಲ್ಲ. ಅಂದಿನಿಂದ ನನ್ನ ಸೀಟಿನ ಕೊರಳಿಗೆ ಅವ್ವನ ಬಾಯಿಯನ್ನು ಕಟ್ಟಿದಂತಾಯಿತು. ಅಲ್ಲಿಯವರೆಗೆ ನಾನು ಹೆದರುತ್ತಿದ್ದುದು ನಪಾಸಾದ ಹುಡುಗಿಯ ಹೆದರಿಕೆ: ಜನ ಏನೆನ್ನುತ್ತಾರೆ, ಇನ್ನೊಂದು ವರ್ಷ ಹೇಗೆ ಕಳೆಯುವುದು ಎಂದು. ಈಗ ಒಂದೊಂದು ದಿನ ತಡವಾದರೂ ಆ ಬಿಳಿ ಮಚ್ಚೆ ಒಂದೊಂದು ದಿನ ಬೆಳೆಯುತ್ತದೆ ಎಂದು ಅನ್ನಿಸುತ್ತಿತ್ತು.

ಹೆಡ್‌ಮಾಸ್ತರರು ಕೊಟ್ಟ ಪ್ರಮಾಣಪತ್ರಕ್ಕೆ ಖಾನಾಪುರದ ಶಿಕ್ಷಣಾಧಿಕಾರಿಗಳ ಸಹಿ ಬೇಕಿತ್ತು. ಸಾಹೇಬರು ಮಳೆ ಹಾನಿಯ ಶಾಲೆಗಳನ್ನು ನೋಡಲು ಹೋಗಿದ್ದರು. ಕಚೇರಿಯ ಮೆಟ್ಟಿಲ ಮೇಲೆ ಅವ್ವನೂ ನಾನೂ ಕಾದೆವು. ಅವತ್ತು ಸಿಗಲಿಲ್ಲ, ಮರುದಿನ ಮತ್ತೆ ಹೋದೆವು. ಸಂಜೆ ಅವರ ಜೀಪು ಬಂದಾಗ ಅವ್ವ ಬಾಗಿಲಲ್ಲೇ ಅಡ್ಡ ನಿಂತು, "ಸಾಹೇಬ್ರ, ಒಂದ ಸಹಿ ಐತ್ರಿ. ನನ್ನ ಮಗಳು ಡಾಕ್ಟರ್ ಆಗಾಕ ನಿಂತಾಳ್ರಿ," ಎಂದಳು. ಅವರು ಒದ್ದೆ ಬೂಟಿನಲ್ಲೇ ಕೂತು ಕಾಗದ ಓದಿ ಸಹಿ ಹಾಕಿದರು.

ಪರಿಶೀಲನೆ ಬೆಳಗಾವಿಯಲ್ಲಿ. ದೊಡ್ಡ ಹಾಲಿನಲ್ಲಿ ಉದ್ದಕ್ಕೂ ಮೇಜುಗಳು, ಕಂಪ್ಯೂಟರುಗಳು, ಕೈಯಲ್ಲಿ ಫೈಲು ಅಪ್ಪಿಕೊಂಡ ಹುಡುಗ ಹುಡುಗಿಯರು. ನನ್ನ ಮುಂದಿನ ಹುಡುಗಿಯ ಹೆಸರಿನ ಒಂದಕ್ಷರ ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ಇತ್ತೆಂದು ಅವಳನ್ನು ಬದಿಗೆ ನಿಲ್ಲಿಸಿದರು. ಅವಳು ಅಳತೊಡಗಿದಳು. ನನ್ನ ಸರದಿ ಬಂದಾಗ ಫೈಲನ್ನು ಎರಡೂ ಕೈಯಿಂದ ಮುಂದಿಟ್ಟೆ. ಮೇಜಿನ ಹಿಂದಿದ್ದ ಅಧಿಕಾರಿ ಒಂದೊಂದೇ ಕಾಗದ ತಿರುವುತ್ತ ಬಂದು ಆ ಪ್ರಮಾಣಪತ್ರದ ಹತ್ತಿರ ನಿಂತರು.

"ಇದೇನು, ಮೊಹರು ಮರಾಠಿಯಲ್ಲಿದೆಯಲ್ಲ? ಮಹಾರಾಷ್ಟ್ರದ ಶಾಲೆಯೇ?"

"ಇಲ್ಲ ಸರ್. ಖಾನಾಪುರ ತಾಲೂಕ. ಜಾಂಬೋಟಿ ಕಡೆ."

"ಹೊರರಾಜ್ಯದ್ದಾದರೆ ಗ್ರಾಮೀಣ ಮೀಸಲಾತಿ ಬರುವುದಿಲ್ಲಮ್ಮ." ಅವರು ದಕ್ಷಿಣದ ಕಡೆಯವರು, ಸಿಟ್ಟಿನಿಂದ ಹೇಳಿದ್ದಲ್ಲ, ನಿಯಮ ಹೇಳಿದ್ದು. ಕಾಗದ ಎತ್ತಿಕೊಂಡು ಇನ್ನೊಬ್ಬರ ಮೇಜಿಗೆ ಹೋದರು. ಇಬ್ಬರೂ ಬಾಗಿ ನೋಡಿದರು. ನಾನು ಹಾಲಿನ ಬಾಗಿಲ ಕಡೆ ತಿರುಗಿದೆ. ಪಾಲಕರನ್ನು ಒಳಗೆ ಬಿಟ್ಟಿರಲಿಲ್ಲ. ಕಿಟಕಿಯ ಸರಳಿನ ಹೊರಗೆ ಛತ್ರಿಗಳ ನಡುವೆ ಅವ್ವ ನಿಂತಿದ್ದಳು. ಸೆರಗಿನ ತುದಿಯನ್ನು ತುಟಿಗೆ ಒತ್ತಿ ಹಿಡಿದಿದ್ದಳು. ಥೇಟ್ ಅಜ್ಜಿಯ ಹಾಗೆ. ಮೇಜಿನ ಅಂಚು ಹಿಡಿದುಕೊಂಡೆ.

ಅಧಿಕಾರಿ ಮರಳಿ ಬಂದರು. ಕೆಳಗಿದ್ದ ಶಿಕ್ಷಣಾಧಿಕಾರಿಯ ಸಹಿಯ ಮೇಲೆ ಪೆನ್ನಿನಿಂದ ಸಣ್ಣ ಗುರುತು ಹಾಕಿ, "ಸರಿ ಇದೆ. ಮುಂದಿನ ಮೇಜಿಗೆ ಹೋಗಿ," ಎಂದರು. ಥ್ಯಾಂಕ್ಸ್ ಹೇಳುವುದನ್ನೂ ಮರೆತು ಕಾಗದ ಬಾಚಿಕೊಂಡು ನಡೆದೆ.

ಇಷ್ಟೆಲ್ಲ ಆಗಿಯೂ ಮೊದಲ ಸುತ್ತಿನಲ್ಲಿ ನನಗೆ ಸೀಟು ಸಿಗಲಿಲ್ಲ. ಎರಡನೆಯ ಸುತ್ತಿದೆ, ಹೆದರಬೇಡ ಎಂದು ಕಾಕಾ ಫೋನಿನಲ್ಲಿ ಹೇಳಿದ. ಅವ್ವನಿಗೆ ಸುದ್ದಿ ಹೇಳಿದಾಗ ಅವಳ ಮುಖದಲ್ಲಿ ಬೇಸರ ಕಂಡಿತು, ನಿಜ. ಆದರೆ ಅದರ ಹಿಂದೆಯೇ ಇನ್ನೊಂದೂ ಕಂಡಿತು. ನೆಮ್ಮದಿ. ಪರೀಕ್ಷೆ ಮುಂದೆ ಹೋಯಿತೆಂದು ಕೇಳಿದ ಮಕ್ಕಳ ಮುಖದಲ್ಲಿ ಕಾಣುವಂಥದ್ದು.

ಆ ನೆಮ್ಮದಿ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಅಡಿಗೆಮನೆಯ ಗೂಡಿನಲ್ಲಿದ್ದ ಮಶೇರಿಯ ಡಬ್ಬಿಯನ್ನು ಎತ್ತಿಕೊಂಡು ಹೋಗಿ ಹಿತ್ತಲಿನ ಮಳೆನೀರಿಗೆ ಸುರಿದೆ. ಅವ್ವ ಬಾಗಿಲಿನಿಂದ ನೋಡಿ ಒಳಗೆ ಹೋದಳು. ಮಧ್ಯಾಹ್ನ ನಾನು ಗಿರಣಿಯಿಂದ ಊಟಕ್ಕೆ ಬಂದಾಗ ಮನೆಯ ತುಂಬ ಘಾಟು. ಒಲೆಯ ಮೇಲೆ ಹಂಚು, ಹಂಚಿನ ಮೇಲೆ ಎಲೆ. ಹೊಗೆಯಲ್ಲಿ ಅವ್ವ ಕುಕ್ಕರಗಾಲಲ್ಲಿ ಕೂತಿದ್ದಳು.

"ಸಾಯಾಕ ನಿಂತೀಯೇನ?" ಎಂದು ಕೂಗಿದೆ. ನನ್ನವ್ವನಿಗೆ ನಾನು ಅಂಥ ಮಾತು ಹಿಂದೆಂದೂ ಆಡಿರಲಿಲ್ಲ.

ಅವಳು ತಿರುಗಿ ಕೂಗುತ್ತಾಳೆ ಎಂದುಕೊಂಡಿದ್ದೆ. ಕೂಗಲಿಲ್ಲ. ಹಂಚನ್ನು ಕೆಳಗಿಳಿಸಿದಳು.

"ಕುಂದರ," ಎಂದಳು. ಕೂತೆ. "ನಿಮ್ಮಜ್ಜಿಗೂ ಹಿಂಗ ಆತು. ಡಾಕ್ಟರು ಬಾಯಿ ತೆಗಿಸಿದ್ರು, ಹೆಸರ ಹೇಳಿದ್ರು. ಹೆಸರ ಹೇಳಿದ ದಿನದಿಂದ ನಮ್ಮ ಮನಿ ಮನಿ ಆಗಿ ಉಳೀಲಿಲ್ಲ. ನಮ್ಮಣ್ಣ ಹೊಲಾ ಬಿಟ್ಟ. ನಾ ಆಗಷ್ಟ ಹಾಕಿದ್ದ ಗಿರಣಿ ಬಿಟ್ಟೆ. ಎಲ್ಲಾರೂ ಆಕಿ ಬಾಯಿ ಸುತ್ತನ ತಿರಗಿದ್ವಿ. ಈಗ ನಾ ಬಾಯಿ ತೆಗೆದ್ರ ಅವರು ಅದನ್ನ ಹೇಳ್ತಾರ. ಹೇಳಿದ ಮ್ಯಾಲ ನೀ ಕಾಲೇಜಿಗೆ ಹೋಗ್ತೀಯೇನು? ನಿಮ್ಮಪ್ಪ ಗಿರಣಿ ಚಾಲೂ ಮಾಡ್ತಾನೇನು? ನೀ ಒಳಗ ಹೋಗಿ ಕುಂತ ಮ್ಯಾಲ ಏನಬೇಕಾದ್ದ ಆಗವಲ್ದ್ಯಾಕ."

ಮಾತಿನುದ್ದಕ್ಕೂ ಅವಳು ನನ್ನ ಮುಖ ನೋಡಲಿಲ್ಲ. ಹಳ್ಳದ ನೀರಿಗೆ ಹೆದರದ ಹೆಂಗಸು. ನನ್ನವ್ವ ಹೆದರಿದ್ದಳು, ನನಗಿಂತ ಹೆಚ್ಚು, ನನಗಿಂತ ಮೊದಲಿನಿಂದ. ಆಮೇಲೆ ನಾನು ಅವಳ ಮೇಲೆ ಕೂಗಲಿಲ್ಲ. ಎರಡನೆಯ ಸುತ್ತಿಗೆ ಕಾಲೇಜುಗಳ ಆಯ್ಕೆ ತುಂಬುವಾಗ ಎಷ್ಟು ದೂರದ್ದಾದರೂ ಸರಿ ಎಂದು ಸಿಕ್ಕಿದ್ದೆಲ್ಲ ತುಂಬಿದೆ. ಬೆಳಗಾವಿಯದು ಮೊದಲು.

ಕಾಯುವ ಆ ದಿನಗಳಲ್ಲಿ ನಾನು ಅವಳ ಬೆನ್ನು ಬಿಡಲಿಲ್ಲ. ಊಟಕ್ಕೆ ಕೂತರೆ ಎಷ್ಟು ತುತ್ತು ನುಂಗಿದಳು ಎಂದು ನೋಡುತ್ತಿದ್ದೆ. ಅವಳು ನಿದ್ದೆಯಲ್ಲಿದ್ದಾಗ ಬಾಗಿ ಅವಳ ಬಾಯಿಯ ವಾಸನೆ ನೋಡುತ್ತಿದ್ದೆ. ಅಜ್ಜಿಯ ವಾಸನೆ ಬಂದಿದೆಯೋ ಎಂದು. ಮಶೇರಿಯದಷ್ಟೇ ಬರುತ್ತಿತ್ತು. ಮಶೇರಿಯ ವಾಸನೆಗೆ ನಾನು ಸಮಾಧಾನಪಟ್ಟ ದಿನಗಳೆಂದರೆ ಅವೇ.

ಸುದ್ದಿ ಬಂದದ್ದು ಒಂದು ಬೆಳಿಗ್ಗೆ, ಗಿರಣಿಯಲ್ಲಿ ಜೋಳದ ಚೀಲಗಳ ಸಾಲು ಬಾಗಿಲವರೆಗೆ ಬಂದಿದ್ದಾಗ. ಮಳೆಗೆ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತಿತ್ತು. ಕಾಕಾನ ಫೋನು. "ಸುಮಿ, ಆತು—" ಎಂದದ್ದಷ್ಟೇ ಕೇಳಿ, ಉಳಿದದ್ದು ಗಿರಣಿಯ ಸದ್ದಿನಲ್ಲಿ ಕೊಚ್ಚಿಹೋಯಿತು. ಏನಾಯಿತು? ಎಲ್ಲಿ ಆಯಿತು? ನಾನು ಕಿವಿ ಮುಚ್ಚಿಕೊಂಡು ಕೂಗುತ್ತಿದ್ದುದನ್ನು ನೋಡಿ ಅವ್ವ ನೆಟ್ಟಗೆ ಹೋಗಿ ಸ್ವಿಚ್ಚು ಕೆಡವಿದಳು. ಯಂತ್ರದ ಪಟ್ಟಾ ಒಂದೆರಡು ಸುತ್ತು ಸುತ್ತಿ ನಿಂತಿತು. ಜನ ಬಂದಿರುವಾಗ ಆ ಗಿರಣಿ ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ. ಸಾಲಿನಲ್ಲಿದ್ದ ಹೆಂಗಸರೆಲ್ಲ ಬಾಯಿ ಮುಚ್ಚಿ ನನ್ನತ್ತ ತಿರುಗಿದರು.

"ಬೆಳಗಾವ್ಯಾಗ ಆತ ನೋಡು, ಡೆಂಟಲ್! ಬೆಳಗಾವ್ಯಾಗ!" ಕಾಕಾನ ದನಿ ಆ ಮೌನದಲ್ಲಿ ಎಲ್ಲರಿಗೂ ಕೇಳಿಸಿತು.

ಹೆಂಗಸರು ನನ್ನನ್ನು ಮುತ್ತಿಕೊಂಡರು. ಹಿಟ್ಟಿನ ಕೈಯಿಂದ ಗಲ್ಲ ಸವರಿದರು. ಅವರ ತಲೆಗಳ ಮೇಲಿಂದ ನಾನು ಅವ್ವನನ್ನು ನೋಡಿದೆ. ಅವಳು ನಗುತ್ತಿದ್ದಳು. ನಗುತ್ತಲೇ ಸ್ವಿಚ್ಚಿನ ಪೆಟ್ಟಿಗೆಗೆ ಕೈ ಊರಿ ನಿಂತಿದ್ದಳು.

ಕಾಲೇಜಿಗೆ ಕೊಡಬೇಕಾದ ಕಾಗದಗಳಲ್ಲಿ ಕೊನೆಯದು ಆರೋಗ್ಯ ಪ್ರಮಾಣಪತ್ರ. ಖಾನಾಪುರದ ಸರಕಾರಿ ಆಸ್ಪತ್ರೆಯ ಡಾಕ್ಟರು ಕಣ್ಣು, ಕಿವಿ, ತೂಕ ಎಲ್ಲ ನೋಡಿ, ನಾಡಿ ಹಿಡಿದು ಹುಬ್ಬೇರಿಸಿದರು. "ಯಾಕವಾ, ಓಡಿ ಬಂದೀಯೇನು?" ಇಲ್ಲವೆಂದೆ. "ಮತ್ತ ಹೆದರಿಕೀನ? ಸೀಟ ಸಿಕ್ಕೈತಿ, ಇನ್ನ್ಯಾಕ ಹೆದರಿಕಿ?" ಎಂದು ನಕ್ಕು ಸಹಿ ಹಾಕಿದರು. ಬಾಗಿಲ ಹೊರಗೆ ಬೆಂಚಿನ ಮೇಲೆ ಅವ್ವ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅವಳ ಬೆನ್ನ ಹಿಂದಿನ ಗೋಡೆಯಲ್ಲಿ ತಂಬಾಕಿನಿಂದ ಬಾಯಿ ಕೆಟ್ಟವರ ಪೋಸ್ಟರು ಇತ್ತು.

ಸೇರುವ ದಿನ ಮೂವರೂ ಹೋದೆವು. ಕಾಲೇಜು ಮತ್ತು ದಂತ ಆಸ್ಪತ್ರೆ ಒಂದೇ ಕಟ್ಟಡದಲ್ಲಿ. ಮೂಲ ಪ್ರತಿಗಳನ್ನು ತೆಗೆದುಕೊಂಡರು, ಸಹಿ ಮಾಡಿಸಿದರು, ರಸೀದಿ ಕೊಟ್ಟರು. ಮೊದಲು ಅಷ್ಟು ದೊಡ್ಡದಾಗಿ ಕಂಡಿದ್ದ ಕೆಲಸ ನೋಡುನೋಡುವಷ್ಟರಲ್ಲಿ ಮುಗಿದುಹೋಯಿತು. ಹೊರಗೆ ಬಂದಾಗ ಅವ್ವ ಆಗಲೇ ಗೇಟಿನ ಹತ್ತಿರ ಇದ್ದಳು.

"ಬೀಡಿ ಬಸ್ಸ ಹೋಗತೈತಿ. ಬರ್ರಿ ಲಗೂನ."

ನಾನು ಓಡಿಹೋಗಿ ಅವಳ ರಟ್ಟೆ ಹಿಡಿದೆ. "ಆಣಿ ಮಾಡೀಯ, ಅವ್ವಾ."

"ನಾಳೆ ಬರೂಣಲ್ಲ..."

"ಹೆಸರ ಹಚ್ಚಿದ ದಿನ ಅಂದಿದ್ದಿ. ಇವತ್ತ ಹಚ್ಚೇತಿ."

ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ಅವಳ ಕೈಯಲ್ಲಿದ್ದ ಛತ್ರಿಯನ್ನು ತೆಗೆದುಕೊಂಡು ಮಡಚಿದರು. ಅವಳು ತಿರುಗಿ ನಡೆದಳು.

ಪರೀಕ್ಷೆ ಮಾಡಿದವರು ಬೆಳ್ಳಿಗೂದಲಿನ ಒಬ್ಬ ಡಾಕ್ಟರಮ್ಮ. ಕುರ್ಚಿಯಲ್ಲಿ ಒರಗಿಸಿ ದೀಪ ಹಚ್ಚಿದಾಗ ಅವ್ವ ಕಣ್ಣು ಮುಚ್ಚಿದಳು, ಬಾಯಿಯನ್ನೂ ಮುಚ್ಚಿದಳು. ಅವರು ಒತ್ತಾಯ ಮಾಡಲಿಲ್ಲ. ಕೈಗವಸು ಹಾಕಿದ ಕೈಯನ್ನು ಅವಳ ಭುಜದ ಮೇಲಿಟ್ಟು, "ಎಷ್ಟ ವರ್ಷದಿಂದ ತಿಕ್ಕತೀರಿ, ಅಕ್ಕಾರ?" ಎಂದು ಕೇಳಿದರು.

"ಹಲ್ಲ ಬಂದಾಗಿಂದ ಅನ್ರಿ." ಕಣ್ಣು ಮುಚ್ಚಿಯೇ ಹೇಳಿದಳು. ಆಮೇಲೆ, "ಕತ್ರಿ ಹಚ್ಚತೀರೇನ್ರಿ? ಕತ್ರಿ ಹಚ್ಚಿದ್ರ ಬೆಳೀತದಂತ ಹೇಳ್ತಾರ್ರಿ. ನಮ್ಮವ್ವಗ ಹಂಗ ಆತು."

"ಅಕ್ಕಿಕಾಳಿನಷ್ಟು ತೆಗೆದು ನೋಡಬೇಕಾಗತೈತಿ. ಕತ್ರಿ ಹಚ್ಚಿದ್ದಕ್ಕ ಬೆಳ್ಯಂಗಿಲ್ರಿ. ತಡಾ ಮಾಡಿ ಬಂದಿದ್ದಕ್ಕ ಬೆಳೀತದ. ನೀವು ತಡಾ ಮಾಡೀರೋ ಇಲ್ಲೋ, ನೋಡಿದ್ರ ಗೊತ್ತಾಗತೈತಿ. ನೋಡಾಕ ಬಿಡ್ರಿ."

ಅವ್ವ ಬಾಯಿ ತೆಗೆದಳು. ನಾನು ಅವಳ ಕಾಲ ಹತ್ತಿರ ನಿಂತಿದ್ದೆ. ಡಾಕ್ಟರಮ್ಮ ತುಟಿಯನ್ನು ಹಿಗ್ಗಿಸಿ ನೋಡಿದರು, ಬೆರಳಿನಿಂದ ಒತ್ತಿದರು, ಕುತ್ತಿಗೆಯ ಎರಡೂ ಬದಿ ಮುಟ್ಟಿ ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅದರಲ್ಲಿ ಏನೂ ಕಾಣಲಿಲ್ಲ. ಮುಖದಲ್ಲಿ ಏನೂ ತೋರದಂತೆ ಇರುವುದೂ ಈ ಕೆಲಸದಲ್ಲಿ ಕಲಿಯಬೇಕಾದದ್ದು ಎಂದು ಆಮೇಲೆ ತಿಳಿಯಿತು. ಅವತ್ತೇ ಚುಚ್ಚುಮದ್ದು ಕೊಟ್ಟು, ಚೂರು ತೆಗೆದು, ಒಂದು ಹೊಲಿಗೆ ಹಾಕಿ ಕಳಿಸಿದರು. ಫಲಿತಾಂಶ ಬರಲು ವಾರ ಹಿಡಿಯುತ್ತದೆ ಎಂದರು.

ಆ ವಾರದಲ್ಲೇ ನನ್ನ ತರಗತಿಗಳು ಶುರುವಾದವು. ಹೊಸ ಬಿಳಿ ಕೋಟು ಹಾಕಿಕೊಂಡು ಕೂತೆ. ಮೊದಲ ಪಾಠದಲ್ಲಿ ಏನು ಹೇಳಿದರೆಂದು ಇಂದಿಗೂ ನೆನಪಿಲ್ಲ. ನನ್ನ ಬಾಜು ಕೂತಿದ್ದ ಹುಡುಗಿ, "ನಿನಗ ಭಾಳ ಟೆನ್ಶನ್ ಆಗೇತಲ್ಲ? ನನಗೂ ಹಂಗ ಆಗೇತಿ," ಎಂದಳು. ಅವಳಿಗೆ ಹಾಸ್ಟೆಲಿನ ಚಿಂತೆ. ನಾನು ಹೌದೆಂದೆ. ಊರಿಂದ ಫೋನು ಬಂದರೆ ಎದೆ ಹಾರುತ್ತಿತ್ತು, ಬಾರದಿದ್ದರೂ ಹಾರುತ್ತಿತ್ತು.

ಫಲಿತಾಂಶದ ದಿನ ತರಗತಿ ಬಿಟ್ಟು ಕೆಳಗೆ ಬಂದೆ. ಅಪ್ಪ ಅವ್ವ ಬಂದಿದ್ದರು. ಅವ್ವ ನನ್ನ ಮದುವೆಗೆಂದು ಎತ್ತಿಟ್ಟಿದ್ದ ಇಳಕಲ್ ಸೀರೆ ಉಟ್ಟಿದ್ದಳು. ಯಾಕೆಂದು ಕೇಳಲಿಲ್ಲ. ಯಾಕೆಂದು ಹೊಳೆಯಿತು. ಮಗಳ ಮದುವೆಗೆ ತಾನಿರುವುದಿಲ್ಲ ಎಂದುಕೊಂಡು ಉಟ್ಟು ಬಂದಿದ್ದಳು.

ಡಾಕ್ಟರಮ್ಮ ಕಾಗದ ಓದಿದರು. ಕನ್ನಡಕ ತೆಗೆದರು.

"ಕ್ಯಾನ್ಸರ್ ಅಲ್ರಿ," ಎಂದರು. ಅವ್ವನಿಗೆ ಮತ್ತೊಮ್ಮೆ ಹೇಳಬೇಕಾಯಿತು. "ಅಲ್ಲ. ಆದ್ರ ಅದರ ಹಾದಿ ಹಿಡದಿತ್ತು. ಇನ್ನೊಂದ ವರ್ಷ ಬಿಟ್ಟು ಬಂದಿದ್ರ ನಾ ಈ ಮಾತ ಹೇಳ್ತಿರಲಿಲ್ಲ. ಆ ಭಾಗ ಪೂರ್ತಿ ತೆಗೀತೀವಿ. ಮಶೇರಿ ಇವತ್ತಿಂದ ಬಂದ್. ಮತ್ತ ಕರದಾಗೊಮ್ಮಿ ಬರಬೇಕು. ಬರತೀರಿ?"

ಅವ್ವ ತಲೆಯಾಡಿಸಿದಳು. ಹೊರಗೆ ಬಂದು ಕಾರಿಡಾರಿನಲ್ಲಿ ಒಂದಿಷ್ಟು ನಡೆದೆವು. ಅಪ್ಪ ಜೊತೆಯಲ್ಲಿಲ್ಲ ಎಂದು ಆಗ ಗಮನಕ್ಕೆ ಬಂತು. ತಿರುಗಿ ನೋಡಿದರೆ ಅವರು ಡಾಕ್ಟರಮ್ಮನ ಕೋಣೆಯ ಬಾಗಿಲಲ್ಲೇ ನೆಲದ ಮೇಲೆ ಕೂತುಬಿಟ್ಟಿದ್ದರು. ಹೆಗಲ ಟವೆಲನ್ನು ಎರಡೂ ಕೈಯಿಂದ ಮುಖಕ್ಕೆ ಒತ್ತಿಕೊಂಡು, ಸದ್ದಿಲ್ಲದೆ, ಇಡೀ ಮೈ ಅಲುಗುವಂತೆ ಅಳುತ್ತಿದ್ದರು. ಆ ಮಳೆಗಾಲದಲ್ಲಿ ಅವರು ಒಂದು ಮಾತೂ ಹೆಚ್ಚಿಗೆ ಆಡಿರಲಿಲ್ಲ. ಅವರು ಹೆದರಿರಬಹುದೆಂದು ನಾವಿಬ್ಬರೂ ಒಮ್ಮೆಯೂ ಯೋಚಿಸಿರಲಿಲ್ಲ.

ಅವ್ವ ಹೋಗಿ ಅವರ ಬಾಜು ಕೂತಳು, ಇಳಕಲ್ ಸೀರೆಯಲ್ಲಿ, ಆಸ್ಪತ್ರೆಯ ನೆಲದ ಮೇಲೆ. ಆಮೇಲೆ ಅವರ ಮೊಳಕಾಲು ತಟ್ಟಿ, "ಏಳ್ರಿ. ಮಂದಿ ಜ್ವಾಳ ಇಟಗೊಂಡ ಕುಂತಿರತಾರ," ಎಂದಳು. ನನ್ನ ಕಡೆ ತಿರುಗಿ ದನಿ ಏರಿಸಿದಳು. "ನಿನಗ ಕ್ಲಾಸ್ ಇಲ್ಲೇನ? ನನ್ನ ಹಿಂದ ತಿರಗಾಕ ಕೊಟ್ಟಾರೇನ ಸೀಟು? ಹೋಗು!" ಗಿರಣಿಯ ಸದ್ದನ್ನು ಮೀರಿಸುವ ಅದೇ ದನಿ. ಅದು ಆ ಕಾರಿಡಾರಿನ ತುದಿಯವರೆಗೂ ಕೇಳಿಸಿತು. ನಾನು ಓಡಿದೆ.

ಶಸ್ತ್ರಚಿಕಿತ್ಸೆ ಆಯಿತು, ಗಾಯ ಮಾಯಿತು. ಮಶೇರಿ ಬಿಡುವುದು ಅದಕ್ಕಿಂತ ಕಷ್ಟವಾಯಿತು. ಎರಡು ಸಲ ಬಿಟ್ಟು ಹಿಡಿದು, ಮೂರನೆಯ ಸಲ ಬಿಟ್ಟಳು. ಕರೆದಾಗಲೆಲ್ಲ ಬೆಳಗಾವಿಗೆ ಬರುತ್ತಾಳೆ. ಮೊದಲು ಆ ಡಾಕ್ಟರಮ್ಮ ನೋಡುತ್ತಿದ್ದರು. ಅವರು ನಿವೃತ್ತರಾದ ಮೇಲೆ ಅವ್ವ ಬೇರೆ ಯಾರ ಹತ್ತಿರವೂ ಹೋಗಲೊಲ್ಲೆ ಎಂದಳು. ಈಗ ನಾನೇ ನೋಡುತ್ತೇನೆ.

ಅವಳು ಕುರ್ಚಿಯಲ್ಲಿ ಒರಗುತ್ತಾಳೆ. ನಾನು ದೀಪ ಎಳೆದುಕೊಳ್ಳುತ್ತೇನೆ. ದಿನಕ್ಕೆ ಎಷ್ಟೋ ಬಾಯಿ ನೋಡುವವಳು ನಾನು, ಆದರೂ ಆ ಒಂದು ಬಾಯಿಯ ಮುಂದೆ ಕೈಗವಸಿನೊಳಗೆ ಬೆರಳು ಬೆವರುತ್ತವೆ. ಏನಾದರೂ ಕಂಡರೆ ಎಂದು ಕೈ ತಡೆಯುತ್ತದೆ. ಅವ್ವ ಆಗಲೇ, ನಾನು ಕೇಳುವ ಮೊದಲೇ, ಬಾಯಿ ಅಗಲಕ್ಕೆ ತೆಗೆದು ಕಾಯುತ್ತಿರುತ್ತಾಳೆ. ಇನ್ನೂ ತಡವಾದರೆ, ತೆಗೆದ ಬಾಯಿಯನ್ನು ಮುಚ್ಚದೆಯೇ, ಗಂಟಲಿನಿಂದ ಏನೋ ಅನ್ನುತ್ತಾಳೆ. ತುಟಿ ಕೂಡದ ಮಾತು, ಬೇರೆ ಯಾರಿಗೂ ತಿಳಿಯುವುದಿಲ್ಲ. ನನಗೆ ತಿಳಿಯುತ್ತದೆ: "ನೋಡ, ನೋಡ. ಹೆದರಬ್ಯಾಡ."

ನಾನು ಬಾಗಿ ನೋಡುತ್ತೇನೆ.